ಅಕ್ಕ ಹೇಳಿದ ಮುಖ

ಹೋದ ಶುಕ್ರವಾರ ಮಗಳು ಸ್ಕೂಲಿನಿಂದ ತಲೆ ತುಂಬ ಮಲ್ಲಿಗೆ ಮುಡಿದುಕೊಂಡು ಬಂದಳು. ಅವಳ ಫ್ರೆಂಡಿನ ಅಜ್ಜಿ ವ್ಯಾನಿನ ಹತ್ತಿರ ನಿಂತಿದ್ದರಂತೆ, ಮೊಮ್ಮಗಳಿಗೆ ಮುಡಿಸಿ ಮಿಕ್ಕಿದ್ದನ್ನು ಇವಳಿಗೂ ಮುಡಿಸಿದರಂತೆ. ಬಾಗಿಲು ತೆಗೆದದ್ದೇ ತಡ, ಆ ವಾಸನೆ ಮುಖಕ್ಕೆ ಹೊಡೆಯಿತು. ನನ್ನ ಎರಡೂ ಕೈ ತಾವಾಗೇ ಎದೆ ಮೇಲೆ ಹೋಗಿ ಕೂತವು. ಮಗಳು "ಅಮ್ಮಾ, ಚೆನ್ನಾಗಿದ್ಯಾ?" ಅಂತ ತಿರುಗಿ ತಿರುಗಿ ತೋರಿಸ್ತಿದ್ದಾಳೆ, ನಾನು ಚಿಲಕ ಹಾಕೋದೂ ಮರೆತು ನಿಂತಿದ್ದೀನಿ.

ನಮ್ಮ ಮನೆಗೆ ಮಲ್ಲಿಗೆ ಬರಲ್ಲ. ದೇವರಿಗೆ ಸೇವಂತಿಗೆ, ಮದುವೆಮನೆಗೆ ಹೋದರೆ ಒಂದು ಗುಲಾಬಿ. ಯಾರಾದರೂ ಕೇಳಿದರೆ ತಲೆನೋವು ಬರುತ್ತೆ ಅಂತೀನಿ. ತಲೆನೋವೂ ಇಲ್ಲ, ಮಣ್ಣೂ ಇಲ್ಲ. ಆ ಹೂವನ್ನು ನನ್ನ ತಲೆಗೆ ಮುಡಿಸಿದವರು ಎಷ್ಟೋ ಜನ ಇದ್ದರು, ಯಾರೂ ನೆನಪಿಲ್ಲ. ಎದೆಗೆ ಕಟ್ಟಿದವಳು ಒಬ್ಬಳೇ... ಹಿಂದಿನ ಮನೆ ಅಕ್ಕ.

ಆಗ ನಾವು ಚಿಕ್ಕಬಾಣಾವರದಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ವಠಾರದಲ್ಲಿದ್ದೆವು. ಮುಂದೆ ತಾರಸಿ ಮನೆಗಳು, ಹಿಂದೆ ಶೀಟಿನ ರೂಮುಗಳು. ಮುಂದಿನ ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ಮಾವ ಸರ್ಕಾರಿ ಫ್ಯಾಕ್ಟರಿಯಲ್ಲಿ ದುಡಿದು ರಿಟೈರಾಗಿ ತೀರಿಕೊಂಡಿದ್ದರು. ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬಾಳಿದ ಅತ್ತೆಗೆ ವಠಾರ ಅಂದರೆ ಮೂಗು ಮುರಿಯೋದೇ ಆಯ್ತು. ಹಿಂದಿನ ಶೀಟಿನ ರೂಮಿನಲ್ಲಿ ಬಿಜಾಪುರದ ಕಡೆಯ ಗಂಡ ಹೆಂಡತಿ ಇದ್ದರು. ಅವನದು ಕಟ್ಟಡದ ಕೆಲಸ, ಇವಳದು ಗಾರ್ಮೆಂಟ್ಸಿನಲ್ಲಿ ನೆಲ ಗುಡಿಸೋ ಕೆಲಸ. ಒಬ್ಬಳು ಮಗಳು ಊರಲ್ಲಿ ಅಜ್ಜಿ ಹತ್ತಿರ ಓದ್ತಿದ್ದಳು. ಅಕ್ಕ ನನಗಿಂತ ಒಂದಷ್ಟು ವರ್ಷ ದೊಡ್ಡವಳಿರಬೇಕು. ತಲೆ ಮೇಲಿನ ಸೆರಗನ್ನು ಒಂದು ಗಳಿಗೆ ಇಳಿಸಿದವಳಲ್ಲ. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ರೊಟ್ಟಿ ತಟ್ಟುವಾಗಲೂ ಸೆರಗು ಹಾಗೇ ಇರ್ತಿತ್ತು. "ಸೆಕೆ ಕಣಕ್ಕಾ, ತೆಗೀರಿ, ಇಲ್ಲಿ ಯಾರೂ ನೋಡಲ್ಲ" ಅಂದರೆ, "ಯಾರರ ನೋಡ್ತಾರಂತ ಹೊಚ್ಕೋತಾರೇನವಾ?" ಅಂತ ನಗುತ್ತಿದ್ದಳು. ಆ ಮಾತಿನ ಅರ್ಥ ಏನು ಅಂತ ನನಗೆ ಅವತ್ತು ಗೊತ್ತಾಗಲಿಲ್ಲ.

ನಾನು ಪೀಣ್ಯದಲ್ಲಿ ಬೋಲ್ಟು ಮಾಡುವ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದೆ. ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಕೂತು ಒಂದೊಂದೇ ಬೋಲ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡೋದು, ಸರಿಯಿದ್ದರೆ ಈ ಟ್ರೇ, ಇಲ್ಲದಿದ್ದರೆ ಆ ಟ್ರೇ. ಬಸುರಿಯಾದ ಮೇಲೂ ಹೋಗ್ತಿದ್ದೆ. ಒಂಬತ್ತು ತುಂಬುತ್ತಾ ಬಂದಾಗ ಅತ್ತೆ ಬಯ್ದು ನಿಲ್ಲಿಸಿದರು. ಮನೆಯಲ್ಲಿ ಕೂತ ಮೇಲೆ ಒಂದು ದಿನ ಮಗು ಸುಮ್ಮನಾಯಿತು. ಅತ್ತೆಗೆ ಹೇಳಿದೆ. "ಕೊನೇ ತಿಂಗಳು ಕಣೇ, ಜಾಗ ಸಾಲಲ್ಲ, ಎಲ್ಲಿ ಒದೆಯುತ್ತೆ" ಅಂದರು. ಪಾಪ, ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು. ಮಾರನೇ ದಿನ ಆಸ್ಪತ್ರೆಗೆ ಹೋದರೆ, ಸ್ಕ್ಯಾನಿಂಗ್ ಡಾಕ್ಟರು ಅಲ್ಲಿಯವರೆಗೆ ನರ್ಸಿನ ಜೊತೆ ಟ್ರಾಫಿಕ್ಕಿನ ಮಾತಾಡ್ತಿದ್ದವರು ಮಾತು ನಿಲ್ಲಿಸಿದರು. ಸ್ಕ್ರೀನನ್ನು ಆ ಕಡೆ ತಿರುಗಿಸಿ "ಹಸ್ಬೆಂಡ್ ಬಂದಿದ್ದಾರಾ?" ಅಂದರು.

ಮಗು ಒಳಗೇ ಹೋಗಿಬಿಟ್ಟಿದ್ದರೂ ಹೆರಲೇಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ಆಪರೇಷನ್ ಮಾಡಿ ತೆಗೆದುಬಿಡ್ತಾರೆ ಅಂದುಕೊಂಡಿದ್ದೆ. ಇಲ್ಲ, ನೋವು ಬರಿಸಿದರು, ಎಲ್ಲರ ಹಾಗೆ ಮುಕ್ಕು ಅಂದರು, ಎಲ್ಲರ ಹಾಗೆ ಮುಕ್ಕಿದೆ. ಪರದೆಯ ಆಚೆ ಇನ್ನೊಬ್ಬಳ ಮಗು ಅತ್ತಾಗ ನನ್ನದೇ ಅತ್ತಿತೇನೋ ಅಂತ ತಲೆಯೆತ್ತಿ ನೋಡಿದೆ. ಆಮೇಲೆ ನರ್ಸು ಬಾಗಿಲ ಹತ್ತಿರ ಹೋಗಿ "ಗಂಡು. ತಾಯಿಗೆ ತೋರಿಸೋದಾ?" ಅಂತ ಕೇಳಿದ್ದು ನನಗೆ ಕೇಳಿಸಿತು. ಅತ್ತೆ ಹೊರಗಿನಿಂದ "ಬೇಡಮ್ಮಾ, ನೋಡಿದರೆ ಮರೆಯಕ್ಕಾಗಲ್ಲ, ಚಿಕ್ಕ ಹುಡುಗಿ" ಅಂದರು. ತಾಯಿ ನಾನು, ಇಲ್ಲೇ ಮಲಗಿದ್ದೀನಿ, ನನ್ನನ್ನು ಕೇಳಿ ಅಂತ ಹೇಳಬೇಕು ಅನ್ನಿಸಿತು. ನಾಲಿಗೆ ಹೊರಳಲಿಲ್ಲ. ಯಾವ ಬೋಲ್ಟಿನ ತಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹುಡುಕುವವಳು, ನನ್ನ ಮಗುವನ್ನು ನಾನೇ ನೋಡಲಿಲ್ಲ.

ಹಾಕಿದ್ದು ಬಾಣಂತಿಯರ ವಾರ್ಡಿಗೆ. ಬೇರೆ ಹಾಸಿಗೆ ಖಾಲಿ ಇರಲಿಲ್ಲವಂತೆ. ಪಕ್ಕದ ಹಾಸಿಗೆಯವಳ ಅಮ್ಮ ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಂದವರು "ನಿಮ್ಮದೇನಮ್ಮಾ, ಗಂಡಾ ಹೆಣ್ಣಾ?" ಅಂದರು. "ಗಂಡು" ಅಂದೆ. "ಅದೃಷ್ಟವಂತೆ ನೀನು" ಅಂದರು. ನಾನು ಹೂಂ ಅಂದೆ.

ಹಿಂದಿನ ಮನೆ ಅಕ್ಕ ಅವತ್ತು ಕೆಲಸಕ್ಕೆ ರಜಾ ಹಾಕಿ ನಮಗೆ ಊಟದ ಬುತ್ತಿ ತಂದಿದ್ದಳು. ಬಾಗಿಲ ಹತ್ತಿರ ಮಗುವನ್ನು ಹೊರಗೆ ಕೊಡೋ ಹೊತ್ತಿಗೆ ನನ್ನ ಗಂಡ ಕೆಳಗೆ ಕೌಂಟರಿನಲ್ಲಿದ್ದ, ಅತ್ತೆ ತಲೆ ಮೇಲೆ ಕೈ ಹೊತ್ತು ಬೆಂಚಿನಲ್ಲಿ ಕೂತುಬಿಟ್ಟಿದ್ದರು. ಅಕ್ಕನ ಕೈಗೆ ಕೊಟ್ಟರಂತೆ. ಗಂಡ ಮೇಲೆ ಬರುವವರೆಗೂ ಮಗು ಅಕ್ಕನ ಮಡಿಲಲ್ಲೇ ಇತ್ತಂತೆ. ಇದನ್ನು ನನಗೆ ಅತ್ತೆ ಮನೆಗೆ ಬಂದಮೇಲೆ ಹೇಳಿದರು, ಅದೂ ಯಾಕೆ ಅಂದರೆ "ಆ ಹುಡುಗಿ ಜಾತಿ ನೀತಿ ಏನೋ, ಆದರೆ ಹೊತ್ತಿಗಾದಳು" ಅಂತ ಹೇಳೋಕೆ.

ಮನೆಗೆ ಬಂದು ಎರಡು ದಿನವಾಗಿತ್ತೋ ಮೂರೋ. ಬೆಳಿಗ್ಗೆ ಎದ್ದರೆ ಎದೆ ಕಲ್ಲಾಗಿದೆ, ಮೈ ಕಾದ ಹಂಚು, ನೈಟಿ ಒದ್ದೆ. ನನಗೆ ಜ್ವರ ಬಂದಿದೆ, ಬೆವರಿದ್ದೀನಿ ಅಂದುಕೊಂಡೆ. ಕೈಯಲ್ಲಿ ಮುಟ್ಟಿ ನೋಡಿಕೊಂಡರೆ ಹಾಲು. ಅಯ್ಯೋ ದೇವರೇ, ಯಾರೂ ಹೇಳಿರಲಿಲ್ಲ ನನಗೆ! ಆಸ್ಪತ್ರೆಯಲ್ಲಿ ರಕ್ತದ ಮಾತ್ರೆ ಕೊಟ್ಟರು, ಹೊಲಿಗೆಗೆ ಮುಲಾಮು ಕೊಟ್ಟರು, ಅತ್ತು ಮುಗಿಸಿ ಬೇಗ ಇನ್ನೊಂದು ಮಾಡಿಕೊಳ್ಳಿ ಅಂದರು. ಕುಡಿಯೋ ಬಾಯಿ ಇಲ್ಲದಿದ್ದರೂ ಹಾಲು ಬರುತ್ತೆ ಅಂತ ಒಬ್ಬರಾದರೂ ಅನ್ನಬಾರದಾ? ನಾನು ಕಿರುಚಿದೆ ಅಂತ ಕಾಣುತ್ತೆ. ಹಿಂದಿನ ಬಾಗಿಲಿಂದ ಅಕ್ಕ ಬಂದಳು, ನೋಡಿದಳು, ಹಾಗೇ ಹೊರಗೆ ಹೋದಳು.

ಬರುವಾಗ ಸ್ಟೇಷನ್ನಿನ ಮುಂದಿನ ಹೂವಿನವಳ ಹತ್ತಿರ ಇದ್ದಷ್ಟೂ ಮಲ್ಲಿಗೆ ದಂಡೆ ತಂದಿದ್ದಳು. ನಾನು ನೋಡಿ ಕೆಂಡವಾದೆ. "ಇದೇನಕ್ಕಾ, ನನಗೆ ಹೂ ಮುಡಿಸೋಕೆ ಬಂದಿದ್ದೀರಾ?" ಅಂದೆ.

"ಮುಡ್ಸಾಕ ಅಲ್ಲವಾ. ಕಟ್ಟಾಕ. ಗುಂಡಿ ಬಿಚ್ಚು" ಅಂದಳು.

ಎದೆಯ ಮೇಲೆ ದಂಡೆ ಸುತ್ತಿ, ಮೇಲೆ ತನ್ನ ಹಳೇ ಸೀರೆಯ ಬಟ್ಟೆ ಬಿಗಿದಳು. ಹಾಲು ಇಳಿದುಹೋಗುತ್ತೆ ಅಂದಳು. ಆ ಕಡೆ ಅತ್ತೆ ಡಾಕ್ಟರಿಗೆ ಫೋನು ಮಾಡಿಸಿ ಮಾತ್ರೆಯನ್ನೂ ತರಿಸಿದರು. ಎರಡನ್ನೂ ಮಾಡಿದೆವು, ಆದ್ದರಿಂದ ಹೂವಿಗೆ ನಿಂತಿತೋ ಮಾತ್ರೆಗೆ ನಿಂತಿತೋ ಗೊತ್ತಿಲ್ಲ. ನಿಂತಿತು. ಬಟ್ಟೆ ಬಿಚ್ಚಿದಾಗಲೆಲ್ಲ ಕಂದಿದ ಮಲ್ಲಿಗೆ ಮತ್ತು ಹುಳಿಹಾಲಿನ ವಾಸನೆ ಒಟ್ಟಿಗೆ ಬರುತ್ತಿತ್ತು. "ಇದೆಲ್ಲ ನಿಮಗೆ ಹೇಗೆ ಗೊತ್ತಕ್ಕಾ?" ಅಂದದ್ದಕ್ಕೆ "ನನಗೂ ಕಟ್ಟಿದ್ರಲ್ಲ" ಅಂದಳು. ಮಗಳಿಗೆ ಹಾಲು ಬಿಡಿಸುವಾಗ ಕಟ್ಟಿರಬೇಕು ಅಂದುಕೊಂಡೆ. ಅವಳು ಬಾಡಿದ ಹೂವನ್ನು ಬಾಚಿಕೊಂಡು ಎದ್ದಳು.

ಆ ದಿನಗಳಲ್ಲಿ ನನಗೆ ಬೇಕಾಗಿದ್ದದ್ದು ಒಂದೇ. ಮಗು ಹೇಗಿತ್ತು? ಗಂಡನನ್ನು ಕೇಳಿದೆ. "ನಾನು ಸರಿಯಾಗಿ ನೋಡಲಿಲ್ಲ" ಅಂತ ಎದ್ದುಹೋದ. ಇನ್ನೊಂದು ಸಲ ಕೇಳಿದಾಗ ಊಟದ ತಟ್ಟೆ ಬಿಟ್ಟು ಎದ್ದ. ಅತ್ತೆಯಂತೂ ಕಿವಿಯೇ ಕೇಳಿಸದವರ ಹಾಗೆ. ಉಳಿದವಳು ಅಕ್ಕ. ಒಂದು ಮಧ್ಯಾಹ್ನ ಹಿಂದಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದವಳ ಹತ್ತಿರ ಹೋಗಿ ಕೂತೆ. "ನೀವು ಎತ್ಕೊಂಡಿದ್ರಂತಲ್ಲ. ಹೇಳಿ. ಏನಾದರೂ ಒಂದು ಹೇಳಿ" ಅಂದೆ.

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. ಆಮೇಲೆ ಹೇಳಿದಳು. "ಚಂದ ಇತ್ತವಾ. ತಲಿ ತುಂಬ ಕೂದಲ. ಹುಬ್ಬು ಎರಡೂ ಕೂಡಿದ್ದುವು. ಬಲಗಿವಿ ತುದಿ ಇಷ್ಟ ನೋಡು, ಇಷ್ಟ, ಒಳಗ ಮಡಚಿತ್ತು. ಮಲಗಿದಂಗ ಇತ್ತು."

ನನಗೆ ಎಷ್ಟು ಖುಷಿಯಾಯಿತು ಅಂದರೆ, ಹೇಳಿದರೆ ಜನ ನಗ್ತಾರೆ. ಕಿವಿ ಮಡಚಿತ್ತಂತೆ ನನ್ನ ಮಗನದ್ದು! ಇದನ್ನು ಯಾರಿಗೂ ಹೇಳಲಿಲ್ಲ. ಇದೊಂದು ನನ್ನ ಹತ್ತಿರ ಇರಲಿ ಅನ್ನಿಸಿತು. ಆದರೆ ಆಮೇಲೆ ಗೊಂದಲ ಶುರುವಾಯಿತು. ನಮ್ಮ ಕಡೆ ಯಾರ ಕಿವಿಯೂ ಮಡಚಿಲ್ಲ. ಗಂಡನ ಕಡೆ ನೋಡೋಣ ಅಂತ ಒಂದು ನಾಮಕರಣಕ್ಕೆ ಹೋದಾಗ ಬಂದವರ ಕಿವಿಯನ್ನೆಲ್ಲ ನೋಡಿದೆ. ಗಂಡನ ಚಿಕ್ಕಪ್ಪ ಊಟಕ್ಕೆ ಕೂತಾಗ ಹಿಂದೆ ನಿಂತು ಬಗ್ಗಿ ನೋಡಿದ್ದಕ್ಕೆ ಅವರು ಪಲ್ಯ ಬಡಿಸೋಕೆ ಬಂದಿದ್ದೀನೇನೋ ಅಂದುಕೊಂಡು ಎಲೆ ಮುಂದೆ ಮಾಡಿದರು. ಅತ್ತೆ ಒಳಗೆ ಕರೆದು "ಏನೇ ಹಾಗೆ ಗಂಡಸರನ್ನು ಗುರಾಯಿಸ್ತೀಯ?" ಅಂತ ಬಯ್ದರು. ಯಾರಲ್ಲೂ ಆ ಕಿವಿ ಸಿಗಲಿಲ್ಲ. ಕೂಡಿದ ಹುಬ್ಬೂ ಇಲ್ಲ. ನನ್ನ ಮಗ ಯಾರ ಹಾಗಿದ್ದ ಹಾಗಾದರೆ?

ಮತ್ತೆ ಬಸುರಿಯಾದೆ. ಈ ಸಲ ಅತ್ತೆ ನಮ್ಮೆಲ್ಲರ ಬಾಯಿಗೆ ಬೀಗ ಹಾಕಿಸಿದರು. ಯಾರಿಗೂ ಹೇಳೋ ಹಾಗಿಲ್ಲ, ಸೀಮಂತ ಇಲ್ಲ, ಬಳೆ ಇಲ್ಲ, ಒಂದು ಕುಲಾವಿ ಸಹ ಹೊಲಿಯೋ ಹಾಗಿಲ್ಲ. ಆಸ್ಪತ್ರೆ ಬದಲಾಯಿಸಿದೆವು. ಅಲ್ಲಿನ ಕೌಂಟರಿನಲ್ಲಿ ಸಿಸ್ಟರು ತಲೆಯೆತ್ತದೆ "ಎಷ್ಟನೇದು?" ಅಂದರು. "ಮೊದಲನೇದು" ಅಂದರು ಅತ್ತೆ. ನನ್ನ ಗಂಡನಿಗೆ ಶಿಫ್ಟ್ ಇದ್ದದ್ದರಿಂದ ಅಕ್ಕ ನಮ್ಮ ಜೊತೆ ಬಂದಿದ್ದಳು. ಹಿಂದಿನಿಂದ ಅವಳು ಅಂದಳು, "ಎರಡನೇದ್ರಿ. ಮೊದಲ್ನೇದು ಗಂಡು. ತೀರ್ಕೊಂಡ ಹುಟ್ಟೇತಿ."

ಅತ್ತೆ ತಿರುಗಿ ದುರುಗುಟ್ಟಿದರು. ಸಿಸ್ಟರು ಪೆನ್ನು ಕೆಳಗಿಟ್ಟು "ಯಾಕಮ್ಮಾ ಮುಚ್ಚಿಡ್ತೀರ? ಇದು ನಮಗೆ ಗೊತ್ತಾಗಬೇಕು ಅಲ್ವಾ?" ಅಂದರು. ನನಗೆ ಅಳು ಬಂತು. ಅವಮಾನಕ್ಕಲ್ಲ. ಎರಡನೇದು ಅಂತ ಯಾರೋ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆದರೆ ಗೊತ್ತಾಗಿ ಏನಾಯಿತು? ಪ್ರತಿ ಸಲ ಬೇರೆ ಡಾಕ್ಟರು. ಪ್ರತಿಯೊಬ್ಬರೂ ಹಾಳೆ ತಿರುವಿ "ಹೋದ ಸಲ ಏನಾಯ್ತು?" ಅಂತ ಕೇಳೋರು, ನಾನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಬೇಕು. ಯಾಕೆ ಹಾಗಾಯಿತು ಅಂತ ನಾನು ಕೇಳಿದರೆ "ಕೆಲವು ಸಲ ಕಾರಣ ಸಿಗಲ್ಲ, ಪಾಸಿಟಿವ್ ಆಗಿರಿ" ಅನ್ನೋರು. ಎಲ್ಲ ನಾರ್ಮಲ್ ಅನ್ನೋರು. ಹೋದ ಸಲವೂ ನಾರ್ಮಲ್ಲೇ ಇತ್ತಲ್ಲ ಸ್ವಾಮಿ! ಹೊಟ್ಟೆಗೆ ಬೆಲ್ಟು ಕಟ್ಟಿ ಮಗುವಿನ ಎದೆಬಡಿತ ಕೇಳಿಸುವ ಮಷೀನಿನ ಹತ್ತಿರ ಮಲಗಿದಾಗ ಮಾತ್ರ ನನಗೆ ಉಸಿರು ಬರುತ್ತಿತ್ತು. ಬೆಲ್ಟು ಬಿಚ್ಚಿದ ತಕ್ಷಣ, ಈಗ ನಿಂತುಹೋಗಿದ್ದರೆ ಅಂತ ಶುರು. ಮನೆಗೆ ಬರುವ ದಾರಿಯಲ್ಲೇ ವಾಪಸ್ ಹೋಗೋಣ ಅಂತಿದ್ದೆ. ಅತ್ತೆ "ನಿನಗೆ ತಲೆ ಕೆಟ್ಟಿದೆ" ಅನ್ನೋರು. ಅಕ್ಕ ಬಂದಿದ್ದರೆ "ನಡಿಯವಾ, ಹೋಗೂಣು" ಅಂತ ಆಟೋ ತಿರುಗಿಸುತ್ತಿದ್ದಳು. ಒಂದು ದಿನ ಒಂದೇ ಬೆಳಿಗ್ಗೆ ಎರಡು ಸಲ ಹೋಗಿದ್ದಕ್ಕೆ ಸಿಸ್ಟರು ನಮ್ಮಿಬ್ಬರಿಗೂ ಸೇರಿಸಿ ಬಯ್ದರು. ಅಕ್ಕ ಹೊರಗೆ ಬಂದು "ಬೈದ್ರ ಬೈಲಿ, ಕೂಸಿನ ಎದಿ ಕೇಳಿಸ್ತಿಲ್ಲೋ?" ಅಂತ ನಕ್ಕಳು.

ಮಗಳು ಅಳುತ್ತಾ ಹುಟ್ಟಿದಳು. ಈ ಸಲ ನರ್ಸು ಬಾಯಿ ತೆಗೆಯೋ ಮೊದಲೇ "ನನಗೆ ತೋರಿಸಿ, ನನಗೆ ಕೊಡಿ" ಅಂತ ಕೂಗಿದೆ. ಕೊಟ್ಟರು. ನಾನು ಮೊದಲು ನೋಡಿದ್ದು ಬಲಗಿವಿ. ನೆಟ್ಟಗಿತ್ತು. "ಬೆರಳು ಎಣಿಸೋರನ್ನ ನೋಡಿದೀನಿ, ಕಿವಿ ನೋಡೋಳು ನೀನೊಬ್ಬಳೇ" ಅಂದರು ನರ್ಸು. ನನಗೆ ಸಮಾಧಾನವೂ ಆಯಿತು, ಒಂದು ಥರಾ ನಿರಾಸೆಯೂ ಆಯಿತು. ಅಣ್ಣನ ಗುರುತು ಒಂದಾದರೂ ಬರಬಾರದಿತ್ತಾ ಅಂತ.

ಮಗುವಿಗೆ ನೀರು ಹಾಕೋಕೆ ಅಕ್ಕನೇ ಬರುತ್ತಿದ್ದಳು. ಮಣೆ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವಳು. ಒಂದು ಬೆಳಿಗ್ಗೆ ನೀರು ಚಿಮ್ಮಿ ಸೆರಗು ತೊಯ್ದಿತು. ಸೆರಗನ್ನು ತಲೆಯಿಂದ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅಕ್ಕನ ಬಲಗಿವಿ ಕಂಡಿತು. ತುದಿ ಒಳಗೆ ಮಡಚಿತ್ತು. ಇಷ್ಟೇ ಇಷ್ಟು.

ಅವಳ ಹುಬ್ಬು ದಿನಾ ನೋಡಿದ್ದೆ, ಕೂಡಿಯೇ ಇತ್ತು, ಆದರೆ ಕೂಡಿದ ಹುಬ್ಬು ಎಷ್ಟು ಜನಕ್ಕಿಲ್ಲ. ಈ ಕಿವಿ? ನನ್ನ ಮಗನಿಗೆ ಇವಳ ಕಿವಿ ಹೇಗೆ ಬಂತು? ಒಂದು ಗಳಿಗೆ ನನಗೆ ಏನೇನೋ ಕೆಟ್ಟ ಯೋಚನೆಯೂ ಬಂತು, ಆಸ್ಪತ್ರೆಯಲ್ಲಿ ಮಗು ಅದಲುಬದಲಾಯಿತಾ ಅಂತ, ಆದರೆ ಸತ್ತದ್ದನ್ನು ಯಾರು ಬದಲಾಯಿಸ್ತಾರೆ. ಅಕ್ಕ ನನ್ನ ಮುಖ ನೋಡಿದಳು. ಒದ್ದೆ ಸೆರಗನ್ನೇ ಮತ್ತೆ ತಲೆ ಮೇಲೆ ಎಳೆದುಕೊಂಡಳು. "ಟವೆಲ್ ಕೊಡು, ಕೂಸಿಗೆ ಥಂಡಿ ಆಗ್ತದ" ಅಂದಳು.

ಅದಾದ ಕೆಲವು ವಾರಕ್ಕೆ ಅಕ್ಕನ ಗಂಡನ ಕಟ್ಟಡದ ಕೆಲಸ ಮುಗಿಯಿತು. ಅತ್ತಿಬೆಲೆ ಕಡೆ ಹೊಸ ಕೆಲಸ ಸಿಕ್ಕಿತು ಅಂತ ಟೆಂಪೋ ಕರೆಸಿ ಪಾತ್ರೆ, ಟ್ರಂಕು ಹಾಕಿಕೊಂಡು ಹೋದರು. ಹೋಗುವಾಗ ಮಗಳನ್ನು ಎತ್ತಿಕೊಂಡು ಲಟಿಕೆ ಮುರಿದಳು. ಕೊಟ್ಟಿದ್ದ ನಂಬರ್ ಸ್ವಲ್ಪ ದಿನ ಹತ್ತುತ್ತಿತ್ತು, ಆಮೇಲೆ ಇನ್ಯಾರೋ ಹಿಂದಿಯಲ್ಲಿ ಎತ್ತುತ್ತಿದ್ದರು. ನಾವೂ ಮನೆ ಬದಲಾಯಿಸಿದೆವು. ಆ ಶೀಟಿನ ರೂಮುಗಳಿದ್ದ ಜಾಗದಲ್ಲಿ ಈಗ ಪಿ.ಜಿ. ಇದೆ.

ಹೋದ ಶುಕ್ರವಾರ ಸಂಜೆ ನನ್ನ ಗಂಡ ಬಂದಾಗಲೂ ಮಗಳ ತಲೆಯಲ್ಲಿ ಹೂ ಹಾಗೇ ಇತ್ತು. ತೆಗಿ ಅಂತ ಬಯ್ಯೋಕೆ ಬಾಯಿ ಬಂದಿರಲಿಲ್ಲ. ಕಾಫಿ ಕೊಡುತ್ತಾ, ಯಾಕೋ ಗೊತ್ತಿಲ್ಲ, ಕೇಳಿಬಿಟ್ಟೆ. "ನಮ್ಮ ಮೊದಲನೇ ಪಾಪುಗೆ ಬಲಗಿವಿ ಮಡಚಿತ್ತಲ್ಲ, ನಿಮಗೆ ನೆನಪಿದ್ಯಾ?"

"ಯಾರಂದ್ರು?" ಅಂದ.

"ಹಿಂದಿನ ಮನೆ ಅಕ್ಕ. ಅವರೇ ಎತ್ಕೊಂಡಿದ್ರಲ್ಲ."

"ಅವರೆಲ್ಲಿ ನೋಡಿದ್ರು? ಮುಖದ ಮೇಲೂ ಬಟ್ಟೆ ಮುಚ್ಚಿ ಪಿನ್ ಹಾಕಿ ಕೊಟ್ಟಿದ್ರು. ನಾನು ಬರೋವರೆಗೂ ಗೋಡೆ ಕಡೆ ತಿರುಗಿ ಹಾಗೇ ಕೂತಿದ್ರು. ಪಿನ್ ಬಿಚ್ಚಿದ್ದು ನಾನು, ಮಣ್ಣು ಮಾಡೋ ಹತ್ತಿರ."

ಲೋಟವನ್ನು ಅವನ ಕೈಗೆ ಕೊಡದೆ ಕೆಳಗಿಟ್ಟೆ. "ನೋಡಲಿಲ್ಲ ಅಂದಿದ್ರಿ."

"ಅಮ್ಮ, ಚಿಕ್ಕಪ್ಪ ಎಲ್ಲಾ ಆಣೆ ಹಾಕಿಸಿದ್ರು ಕಣೇ, ಅವಳಿಗೆ ಹೇಳಬೇಡ ಅಂತ. ಆಮೇಲೆ... ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ, ನನ್ನ ಮಗನ ಮುಖವನ್ನು ತನ್ನ ಹತ್ತಿರ ಇಟ್ಟುಕೊಂಡಿದ್ದನಲ್ಲ! ಬಾಯಿಗೆ ಬಂದ ಹಾಗೆ ಬಯ್ದೆ. ಅವನು ತಲೆ ಬಗ್ಗಿಸಿ ಕೇಳಿದ. ಮುಗಿದ ಮೇಲೆ "ಈಗ ಹೇಳ್ಲಾ?" ಅಂದ.

ತಕ್ಷಣ ಹೇಳಿ ಅನ್ನೋಕೆ ಆಗಲಿಲ್ಲ ನನಗೆ. ಹೇಳಿದರೆ ಅಕ್ಕ ಕೊಟ್ಟ ಮುಖ ಹೋಗುತ್ತೆ. ಅದನ್ನೇ ಇಟ್ಟುಕೊಂಡು ಬದುಕಿದ್ದೀನಿ, ಅದಕ್ಕೇ ಅತ್ತಿದ್ದೀನಿ. ಹೇಳದಿದ್ದರೆ ನನ್ನ ಮಗನದ್ದು ಹೋಗುತ್ತೆ. ಕೊನೆಗೆ "ಹೇಳಿ" ಅಂದೆ.

"ಮೂಗು ನಿಂದೇ. ಮೇಲ್ತುಟಿ ಹೀಗೆ ಎತ್ತಿತ್ತು, ಇವಳದ್ದು ಇದ್ಯಲ್ಲ, ಹಾಗೇ. ಹುಬ್ಬು ಇನ್ನೂ ಮೂಡಿರ್ಲಿಲ್ಲ. ಕೂದಲು ಗೊತ್ತಿಲ್ಲ, ಟೋಪಿ ಹಾಕಿದ್ರು."

"ಕಿವಿ?"

"ಟೋಪಿ ಒಳಗಿತ್ತು. ನಾನು ತೆಗೀಲಿಲ್ಲ."

"ಹಾಗಾದರೆ ಮಡಚಿದ್ದರೂ ಮಡಚಿರಬಹುದು."

ಅವನು ನನ್ನನ್ನೇ ನೋಡಿದ. "ಇರಬಹುದು" ಅಂದ.

ಅವತ್ತಿನಿಂದ ನನಗೆ ಎಲ್ಲ ಕಲಸಿಹೋಗಿದೆ. ಅಕ್ಕ ನನ್ನ ಮಗುವನ್ನು ನೋಡಿರಲಿಲ್ಲ. ನೋಡದ ಮುಖಕ್ಕೆ ಕಣ್ಣಾರೆ ಕಂಡ ಹಾಗೆ ಹುಬ್ಬು, ಕೂದಲು, ಕಿವಿ ಎಲ್ಲಿಂದ ತಂದಳು? "ನನಗೂ ಕಟ್ಟಿದ್ರಲ್ಲ" ಅಂದಿದ್ದಳು. ಅದು ಮಗಳ ಹಾಲು ಬಿಡಿಸಿದಾಗ ಅಲ್ಲವೇನೋ. ಎಲ್ಲೋ ಬಿಜಾಪುರದ ಕಡೆ, ತಾಯಿಯ ಕಿವಿ ಹೊತ್ತುಕೊಂಡು ಬಂದು ಉಸಿರಾಡದೆ ಹೋದ ಒಂದು ಮಗು ಇತ್ತೇನೋ. ನನ್ನ ಗೋಳು ನೋಡಲಾಗದೆ ಅದನ್ನು ಎತ್ತಿ ನನಗೆ ಕೊಟ್ಟಳೇನೋ. ಅಥವಾ ಸುಮ್ಮನೆ ಕನ್ನಡಿ ನೆನೆಸಿಕೊಂಡು ಬಾಯಿಗೆ ಬಂದದ್ದು ಹೇಳಿದಳೋ. ಕೇಳೋಣ ಅಂದರೆ ಅವಳು ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ.

ಮಲ್ಲಿಗೆ ದಂಡೆ ಬಾಡಿ ಫ್ರಿಜ್ಜಿನ ಮೇಲೆ ಕೂತಿದೆ. ಬಿಸಾಕಿಲ್ಲ ಇನ್ನೂ. ಎಷ್ಟು ಮಕ್ಕಳು ಅಂತ ಯಾರಾದರೂ ಕೇಳಿದರೆ ಒಂದು ಅಂತ ಬಾಯಲ್ಲಿ ಹೇಳಿ, ಎರಡು ಅಂತ ಒಳಗೆ ಹೇಳಿಕೊಳ್ಳುತ್ತಿದ್ದೆ, ಅಕ್ಕ ಆ ಕೌಂಟರಿನಲ್ಲಿ ಹೇಳಿಕೊಟ್ಟ ಹಾಗೆ. ನಿನ್ನೆ ಬಸ್ಸಿನಲ್ಲಿ ಪಕ್ಕದವರು ಕೇಳಿದರು. ಒಂದು ಅಂದೆ. ಒಳಗೆ ಎರಡು ಅನ್ನೋಕೆ ಹೋದರೆ ಆ ಮಡಚಿದ ಕಿವಿ ನೆನಪಾಯಿತು. ಇಷ್ಟು ವರ್ಷ ಆ ಕಿವಿಯ ಮಗುವನ್ನು ನಾನೇ ಸಾಕಿದ್ದೀನಿ, ಅದನ್ನು ಯಾರ ಲೆಕ್ಕಕ್ಕೆ ಬಿಡಲಿ?